2147483647: ಈ ಸಂಖ್ಯೆ ಯಾವ ಯಾವ ಗುಂಪಿಗೆ ಸೇರುತ್ತದೆ?

ಕುತೂಹಲಿ
ಎಲ್ಲರಿಗೂ ನಮಸ್ಕಾರ. ಒಂದು ಪ್ರೋಗ್ರಾಂನಲ್ಲಿ ಮೊತ್ತ 2147483647 ತನಕ ಸರಿಯಾಗಿ ಏರಿತು. ಅದಕ್ಕೆ 1 ಸೇರಿಸಿದ ಕೂಡಲೇ −2147483648 ಆಗಿ ಕೂತಿತು. ಯಾಕೆ ಅಂತ ಗೊತ್ತು, 32 ಬಿಟ್‌ನ ಕತೆ. ದಯವಿಟ್ಟು ಅದನ್ನು ಯಾರೂ ವಿವರಿಸಬೇಡಿ. ನನ್ನ ಪ್ರಶ್ನೆ ಸಂಖ್ಯೆಯ ಬಗ್ಗೆ. ಜೊತೆಗೆ ಕೆಲಸ ಮಾಡುವವರೊಬ್ಬರು "ಅದು ಅವಿಭಾಜ್ಯ ಸಂಖ್ಯೆ, ಅದಕ್ಕೇ ಕಂಪ್ಯೂಟರ್‌ನವರು ಅದನ್ನು ಆರಿಸಿಕೊಂಡಿದ್ದು" ಅಂದರು. ನಿಜವಾ? ಹುಡುಕಿ ನೋಡಿದರೆ ಅದರ ಹಣೆಗೆ ಒಂದು ರಾಶಿ ಹೆಸರು ಅಂಟಿಸಿದ್ದಾರೆ: ಮರ್ಸೆನ್ ಅವಿಭಾಜ್ಯ, ಡಬಲ್ ಮರ್ಸೆನ್, ಓಡಿಯಸ್, ಪರ್ನಿಶಿಯಸ್, ಇನ್ನೂ ಏನೇನೋ. ಇವುಗಳಲ್ಲಿ ಯಾವುದಕ್ಕೆ ಅರ್ಥ ಇದೆ, ಯಾವುದು ಸುಮ್ನೆ ಚೀಟಿ? ಕಂಪ್ಯೂಟರ್ ಇಲ್ಲದೆ ಅದು ಅವಿಭಾಜ್ಯ ಅಂತ ತೋರಿಸಲು ಆಗುತ್ತದಾ?

ಬಿಟ್‌ಬೈರ
ಅವಿಭಾಜ್ಯ ಹೌದು. ಅದಕ್ಕೇ ಆರಿಸಿದರು ಅನ್ನುವುದು ಶುದ್ಧ ಬುರುಡೆ.

32 ಬಿಟ್‌ನಲ್ಲಿ ಒಂದು ಚಿಹ್ನೆಗೆ ಹೋಯಿತು, ಉಳಿದ 31ರಲ್ಲೂ 1 ತುಂಬಿದರೆ ಬರುವುದು ಇದೇ, 2^31 − 1. ಆರಿಸುವ ಮಾತೇ ಇಲ್ಲ. 8 ಬಿಟ್‌ನಲ್ಲಿ ಇದೇ ಲೆಕ್ಕ ಹಾಕಿದರೆ 127, ಅದೂ ಅವಿಭಾಜ್ಯ. 16 ಬಿಟ್‌ನಲ್ಲಿ 32767, ಅದು 7 × 31 × 151. 64 ಬಿಟ್‌ನಲ್ಲಿ 9223372036854775807, ಅದು 7 × 7 × 73 × 127 × 337 × 92737 × 649657. ನಾಲ್ಕರಲ್ಲಿ ಎರಡು ಅವಿಭಾಜ್ಯ, ಎರಡು ಅಲ್ಲ. ಅವಿಭಾಜ್ಯವೇ ಬೇಕು ಅಂತ ಆರಿಸಿದವರು 64ಕ್ಕೆ ಹೋಗುತ್ತಿದ್ದರಾ?

ತರಲೆತಮ್ಮ
ಅಂಕಿಗಳನ್ನು ನೋಡಿ. 4 ಮೂರು ಸಲ ಬಂದಿದೆ. 0, 5, 9 ಇಲ್ಲವೇ ಇಲ್ಲ. ಏನೋ ರಹಸ್ಯ ಇದೆ ಗುರು.

ಶೇಷಸೊನ್ನೆ
@ತರಲೆತಮ್ಮ ಯಾವ ರಹಸ್ಯವೂ ಇಲ್ಲ. ಕಣ್ಣು ಮುಚ್ಚಿಕೊಂಡು ಹತ್ತು ಅಂಕಿ ಬರೆದರೆ ಸರಾಸರಿ ಮೂರೂವರೆ ಅಂಕಿ ಕಾಣೆಯಾಗಿರುತ್ತವೆ. ಇಲ್ಲಿ ಮೂರು ಕಾಣೆ. ಇದಕ್ಕಿಂತ ಸಾಧಾರಣ ಸಂಖ್ಯೆ ಬೇಕಾ?

ತರಲೆತಮ್ಮ
ಮೂರೂವರೆ ಎಲ್ಲಿಂದ ಬಂತು?

ಶೇಷಸೊನ್ನೆ
ಒಂದು ಅಂಕಿ ಹತ್ತು ಜಾಗದಲ್ಲೂ ಬಾರದಿರುವ ಸಂಭವ 0.9ರ ಹತ್ತನೇ ಘಾತ, ಸುಮಾರು 0.35. ಅಂಥ ಹತ್ತು ಅಂಕಿ ಇವೆ. ಗುಣಿಸಿಕೊಳ್ಳಿ.

ಪೈಥಾನ್‌ಪ್ರಿಯೆ
ಅವಿಭಾಜ್ಯ ಅಂತ ಒಂದೇ ಸಾಲಿನಲ್ಲಿ ನೋಡಿಬಿಟ್ಟೆ. 2ನ್ನು 2147483646ನೇ ಘಾತಕ್ಕೆ ಏರಿಸಿ 2147483647ರಿಂದ ಭಾಗಿಸಿದರೆ ಶೇಷ 1. ಫರ್ಮಾನ ಪರೀಕ್ಷೆ ಪಾಸ್. ಮುಗೀತು.

ಶೇಷಸೊನ್ನೆ
ಮುಗಿಯಲಿಲ್ಲ. ಈ ಜಾತಿಯ ಸಂಖ್ಯೆಗೆ 2ನ್ನು ಹಿಡಿದು ಮಾಡುವ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. 2^11 − 1 ತಗೊಳ್ಳಿ, 2047. ಅದೂ ನಿಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದರೆ 2047 = 23 × 89. ಕಾರಣ ಸರಳ: 2^11ರ ಶೇಷ 1, ಮತ್ತು 2046ನ್ನು 11 ಭಾಗಿಸುತ್ತದೆ, ಹಾಗಾಗಿ 2^2046ರ ಶೇಷವೂ 1. ಘಾತ ಅವಿಭಾಜ್ಯವಾಗಿದ್ದರೆ 2^ಘಾತ − 1 ಅನ್ನುವ ಎಲ್ಲವೂ ಈ ಪರೀಕ್ಷೆ ಪಾಸು. ಅವಿಭಾಜ್ಯ ಆಗಿರಲಿ, ಬಿಡಲಿ.

ಪೈಥಾನ್‌ಪ್ರಿಯೆ
ಹಾಗಾದರೆ ಅದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆ ಹಾಕುತ್ತೇನೆ.

ಶೇಷಸೊನ್ನೆ
ಹಾಕಿ. 2ಕ್ಕೇ ನಿಲ್ಲಿಸಿದರೆ ಅದೂ ಸಾಲದು. 2 ಹಿಡಿದು ಮಾಡುವ ಮಿಲ್ಲರ್–ರಾಬಿನ್‌ಗೆ ಮೋಸ ಮಾಡುವ ಅತಿ ಚಿಕ್ಕ ಸಂಖ್ಯೆಯೇ ಆ 2047.

ಪೈಥಾನ್‌ಪ್ರಿಯೆ
2ಕ್ಕೇ ನಿಲ್ಲಿಸುತ್ತೇನೆ ಅಂತ ಯಾರು ಹೇಳಿದರು? 2, 3, 5, 7 ನಾಲ್ಕನ್ನೂ ಹಾಕಿದೆ, ನಾಲ್ಕರಲ್ಲೂ ಪಾಸ್. ಈ ನಾಲ್ಕಕ್ಕೂ ಒಟ್ಟಿಗೆ ಮೋಸ ಮಾಡುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆ 3215031751. ನಮ್ಮದು ಅದಕ್ಕಿಂತ ಚಿಕ್ಕದು. ಅಂದರೆ ಇದು ಬರೀ ಊಹೆ ಅಲ್ಲ, ಪೂರಾ ಸಾಧನೆ. ಈಗ ಹೇಳಿ.

ಶೇಷಸೊನ್ನೆ
ಈಗ ಸರಿ :)

ಲೆಕ್ಕದಮೇಷ್ಟ್ರು
ಕುತೂಹಲಿ ಕೇಳಿದ್ದು ಕಂಪ್ಯೂಟರ್ ಇಲ್ಲದೆ ಆಗುತ್ತದಾ ಅಂತ. ಆಗುತ್ತದೆ, ಗಣಿತಜ್ಞ ಆಯ್ಲರ್ ಮಾಡಿ ತೋರಿಸಿದ್ದಾನೆ. ಬರ್ನೂಲಿಗೆ ಬರೆದ ಪತ್ರದಲ್ಲಿ ಅದು ಇದೆ, ಅಚ್ಚಾಗಿದ್ದು 1772ರಲ್ಲಿ. ದಾರಿ ತುಂಬಾ ಚೆನ್ನಾಗಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಸಂಖ್ಯೆಯ ವರ್ಗಮೂಲ 46340 ಚಿಲ್ಲರೆ. ಅಲ್ಲಿಯ ತನಕದ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋದರೆ ಸುಮಾರು 4800 ಭಾಗಾಕಾರ. ಯಾರಿಗೆ ಬೇಕು ಆ ಕಷ್ಟ?

ಈಗ "ಭ" ಅನ್ನುವ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ 2^31ನ್ನು ಭ-ದಿಂದ ಭಾಗಿಸಿದರೆ ಶೇಷ 1. 2, 4, 8, 16 ಅಂತ ಏರುತ್ತಾ ಹೋದರೆ ಶೇಷಗಳು ಒಂದು ಸುತ್ತು ಹಾಕಿ ಮತ್ತೆ 1ಕ್ಕೆ ಬರುತ್ತವೆ. ಆ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಉದ್ದ 1 ಆಗಲು ಸಾಧ್ಯವಿಲ್ಲ, ಹಾಗಾಗಿ ಉದ್ದ 31 ಆಗಲೇಬೇಕು. ಫರ್ಮಾನ ಚಿಕ್ಕ ಪ್ರಮೇಯದಿಂದ ಅದೇ ಉದ್ದ ಭ − 1ನ್ನೂ ಭಾಗಿಸುತ್ತದೆ. ಭ ಬೆಸ ಸಂಖ್ಯೆ. ಆದ್ದರಿಂದ ಭ-ವನ್ನು 62ರಿಂದ ಭಾಗಿಸಿದರೆ ಶೇಷ 1.

ಇಲ್ಲಿಗೇ ಬಹಳಷ್ಟು ಉದುರಿ ಹೋಯಿತು. ಇನ್ನೂ ಒಂದು ಇದೆ. 2^31ರ ಶೇಷ 1 ಆದರೆ 2^32ರ ಶೇಷ 2. 2^32 ಅಂದರೆ 2^16ರ ವರ್ಗ. ಅಂದರೆ ಭ-ದ ಲೋಕದಲ್ಲಿ 2 ಅನ್ನುವುದು ಒಂದು ವರ್ಗ. ಭ-ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ ಹಾಗಾಗುತ್ತದೆ. ಎರಡು ಷರತ್ತನ್ನೂ ಸೇರಿಸಿದರೆ ಭ ಎರಡೇ ರೂಪದಲ್ಲಿ ಇರಬಹುದು: 248ಕ + 1, ಇಲ್ಲ 248ಕ + 63.

46340ರೊಳಗೆ ಮೊದಲನೇ ರೂಪದ್ದು 186 ಇವೆ. ಎರಡನೆಯದು 63ನ್ನು ಬಿಟ್ಟು 186. ಒಟ್ಟು 372. ಆಯ್ಲರ್‌ಗೆ ಹೆಚ್ಚೆಂದರೆ 372 ಭಾಗಾಕಾರ ಸಾಕಿತ್ತು ಅಂತ ಪುಸ್ತಕಗಳಲ್ಲಿ ಬರುವುದು ಇದೇ ಲೆಕ್ಕ.

ಕುತೂಹಲಿ
ಮೇಷ್ಟ್ರೇ, 372ರಲ್ಲೂ 249 ತರಹದವು ಬರುತ್ತವಲ್ಲ? ಅದು 3 × 83. ಅವನ್ನು ಬಿಟ್ಟುಬಿಡಬಹುದಲ್ವಾ?

ಲೆಕ್ಕದಮೇಷ್ಟ್ರು
ಬಿಡಬಹುದು, ಬಿಡಲೇಬೇಕು. ಹಾಗೆ ಸೋಸಿದರೆ ಮೊದಲು ಸಿಗುವುದು 311. ಭಾಗಿಸಿ ನೋಡಿ, ಶೇಷ 35. ಆಮೇಲೆ 497 (7 × 71), 559 (13 × 43), 745, 807, 993, 1055, 1241 (17 × 73) ಎಲ್ಲಾ ಹೊರಗೆ. ಮುಂದಿನ ಅಭ್ಯರ್ಥಿ 1303. ಶೇಷ 226. ಹೀಗೇ ಹೋಗುತ್ತಾ ಹೋದರೆ ಯಾವುದರಲ್ಲೂ ಶೇಷ ಸೊನ್ನೆ ಬರುವುದಿಲ್ಲ.

ಶೇಷಸೊನ್ನೆ
ಒಟ್ಟು ಎಷ್ಟು ಉಳಿಯುತ್ತವೆ ಅಂತ ಅಂದಾಜು ಮಾಡುವುದೂ ಸುಲಭ. 248ರ ಜೊತೆ ಸಾಮಾನ್ಯ ಭಾಜಕ ಇಲ್ಲದ ಶೇಷಗಳು 120. ಅವಿಭಾಜ್ಯಗಳು ಆ 120 ಗುಂಪಿಗೂ ಹೆಚ್ಚುಕಮ್ಮಿ ಸಮವಾಗಿ ಹಂಚಿಕೊಳ್ಳುತ್ತವೆ. ನಮಗೆ ಬೇಕಿದ್ದು ಎರಡು ಗುಂಪು. 4800ರಲ್ಲಿ ಅರವತ್ತನೇ ಒಂದು ಪಾಲು, ಅಂದರೆ 80ರ ಆಸುಪಾಸು. ಒಂದು ಮಧ್ಯಾಹ್ನದ ಕೆಲಸ.

ಸುಮ್ನೆಬಂದೆ
ನಿಮ್ಮ ಮಧ್ಯಾಹ್ನಗಳು ಬಹಳ ಉದ್ದ ಇರುತ್ತವೆ ಅನ್ನಿಸುತ್ತದೆ.

ಅರೆಪೂರ್ಣ
ಆಯ್ಲರ್‌ಗಿಂತ ಮುಂಚೆಯೂ ಈ ಸಂಖ್ಯೆಯ ಸುದ್ದಿ ಇತ್ತು. ಇಟಲಿಯ ಕಟಾಲ್ಡಿ 1588ರಲ್ಲಿ ಘಾತ 17 ಮತ್ತು 19ರವು ಅವಿಭಾಜ್ಯ ಅಂತ ಒಂದೊಂದಾಗಿ ಭಾಗಿಸಿ ತೋರಿಸಿದ. ಆಮೇಲೆ 23, 29, 31, 37 ಕೂಡ ಹೌದು ಅಂತ ಸೇರಿಸಿಬಿಟ್ಟ. ಅದರಲ್ಲಿ 31 ಒಂದೇ ಸರಿ. 2^23 − 1ನ್ನು 47 ಭಾಗಿಸುತ್ತದೆ, 2^37 − 1ನ್ನು 223 ಭಾಗಿಸುತ್ತದೆ. ಎರಡನ್ನೂ 1640ರಲ್ಲಿ ಫರ್ಮಾ ಹಿಡಿದ. 2^29 − 1 ಅಂದರೆ 233 × 1103 × 2089, ಅದನ್ನು ಆಯ್ಲರ್ ಹಿಡಿದ.

1644ರಲ್ಲಿ ಮರ್ಸೆನ್, 2^ಘಾತ − 1 ಅವಿಭಾಜ್ಯ ಆಗುವ (ಅವನ್ನೇ ಈಗ ಮರ್ಸೆನ್ ಅವಿಭಾಜ್ಯ ಅನ್ನುವುದು) ಘಾತಗಳ ಪಟ್ಟಿ ಕೊಟ್ಟ: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. ಇಷ್ಟು ತಪ್ಪು ಪಟ್ಟಿ ಕೊಟ್ಟು ಹೆಸರು ಉಳಿಸಿಕೊಂಡವರು ಗಣಿತದಲ್ಲಿ ಇನ್ಯಾರೂ ಇಲ್ಲ ಅನ್ನಬಹುದು.

ಲೆಕ್ಕದಮೇಷ್ಟ್ರು
ಅದು ಅನ್ಯಾಯದ ಮಾತು. ಆ ಕಾಲಕ್ಕೆ 2^67 − 1 ಹೇಗೆ ನೋಡುತ್ತಿದ್ದ? ಅದು ಸಂಯುಕ್ತ ಅಂತ 1876ರಲ್ಲಿ ಲ್ಯೂಕಾ ತೋರಿಸಿದ, ಅದೂ ಒಂದೇ ಒಂದು ಭಾಜಕ ಗೊತ್ತಿಲ್ಲದೆ. ಭಾಜಕಗಳು ಸಿಕ್ಕಿದ್ದು 1903ರಲ್ಲಿ, ಕೋಲ್ ಕೈಯಲ್ಲಿ: 193707721 × 761838257287. ಮರ್ಸೆನ್ ಕೊಟ್ಟಿದ್ದು ಪಟ್ಟಿಗಿಂತ ಜಾಸ್ತಿ ಒಂದು ಸವಾಲು.

ಅರೆಪೂರ್ಣ
ಸವಾಲು ಅಂತ ಅವನು ಹೇಳಲಿಲ್ಲ ಮೇಷ್ಟ್ರೇ, ನಿಜ ಅಂತ ಹೇಳಿದ. ಆಧಾರ ಇಲ್ಲದೆ ಹೇಳಿದ.

ಬಿಟ್‌ಬೈರ
ಭಾಜಕ ಗೊತ್ತಿಲ್ಲದೆ ಸಂಯುಕ್ತ ಅಂತ ಹೇಗೆ ಗೊತ್ತಾಗುತ್ತದೆ?

ಶೇಷಸೊನ್ನೆ
ಲ್ಯೂಕಾ–ಲೆಹ್ಮರ್ ಪರೀಕ್ಷೆ. 4ರಿಂದ ಶುರು ಮಾಡಿ. ವರ್ಗ ಮಾಡಿ 2 ಕಳೆಯಿರಿ, ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ.

ಸಣ್ಣದರಲ್ಲಿ ನೋಡಿ. 2^5 − 1 = 31. 4, ಆಮೇಲೆ 14, ಆಮೇಲೆ 194. 194ನ್ನು 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗದಿಂದ 2 ಕಳೆದರೆ 62, ಶೇಷ ಸೊನ್ನೆ. ಮೂರೇ ಹೆಜ್ಜೆ. 2147483647ಕ್ಕೆ 29 ಹೆಜ್ಜೆ. ಆಯ್ಲರ್‌ಗೆ ಇದು ಗೊತ್ತಿದ್ದಿದ್ದರೆ 372ರ ಕತೆಯೇ ಇರುತ್ತಿರಲಿಲ್ಲ.

2024ರ ಅಕ್ಟೋಬರ್‌ನಲ್ಲಿ ಘೋಷಿಸಿದ 2^136279841 − 1 ಕೂಡ ಕೊನೆಗೆ ಖಚಿತವಾಗಿದ್ದು ಇದೇ ಪರೀಕ್ಷೆಯಿಂದ. ಅದರಲ್ಲಿ 41024320 ಅಂಕಿಗಳಿವೆ.

ಅರೆಪೂರ್ಣ
ಇನ್ನೊಂದು ಮಜಾ ಇದೆ. 1ರಿಂದ 2147483647ರ ತನಕ ಎಲ್ಲಾ ಸಂಖ್ಯೆ ಕೂಡಿಸಿ. ಬರುವುದು 2305843008139952128. ಅದು ಎಂಟನೇ ಪರಿಪೂರ್ಣ ಸಂಖ್ಯೆ. ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಮತ್ತೆ ತಾನೇ ಬರುತ್ತದೆ, 6 ಮತ್ತು 28ರ ಹಾಗೆ. 2^30 × (2^31 − 1) ಅನ್ನುವ ರೂಪ ಯೂಕ್ಲಿಡ್ ಕಾಲದಿಂದ ಗೊತ್ತು. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಇದೇ ರೂಪದವು ಅಂತ ತೋರಿಸಿದ್ದು ಆಯ್ಲರ್.

1811ರಲ್ಲಿ ಬಾರ್ಲೋ ಅನ್ನುವ ಇಂಗ್ಲೆಂಡಿನ ಗಣಿತಜ್ಞ ಇದೇ ಪರಿಪೂರ್ಣ ಸಂಖ್ಯೆ ತೋರಿಸಿ, ಇದಕ್ಕಿಂತ ದೊಡ್ಡದು ಯಾವತ್ತೂ ಸಿಗುವುದಿಲ್ಲ ಅಂತ ಬರೆದ. ಕಾರಣ ಏನು ಗೊತ್ತಾ? ಇವು ಉಪಯೋಗಕ್ಕೆ ಬಾರದ ವಿಚಿತ್ರಗಳು, ಯಾರೂ ಹುಡುಕುವ ಗೋಜಿಗೆ ಹೋಗುವುದಿಲ್ಲವಂತೆ. ಮನುಷ್ಯರಿಗೆ ಎಷ್ಟು ಬಿಡುವು ಇರುತ್ತದೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ.

ಸುಮ್ನೆಬಂದೆ
ಈ ವೇದಿಕೆಯನ್ನು ಅವನಿಗೆ ತೋರಿಸಬೇಕಿತ್ತು.

ತರಲೆತಮ್ಮ
ಸರಿ, ಹ್ಯಾಪಿ ನಂಬರ್ ಹೌದಾ ಅಲ್ವಾ?

ಪೈಥಾನ್‌ಪ್ರಿಯೆ
ಅಲ್ಲ. ಅಂಕಿಗಳ ವರ್ಗ ಕೂಡಿಸಿದರೆ 260. ಆಮೇಲೆ 40, 16, 37, 58, 89, 145, 42, 20, 4, ಮತ್ತೆ 16. ಸುತ್ತು ಹೊಡೆಯುತ್ತಾ ಕೂರುತ್ತದೆ, 1ಕ್ಕೆ ಬರುವುದೇ ಇಲ್ಲ. ಪಟ್ಟಿಯ ಇನ್ನಷ್ಟು ಹೇಳುತ್ತೇನೆ:

ಅವಳಿ ಅವಿಭಾಜ್ಯ ಅಲ್ಲ. ಎರಡು ಹಿಂದೆ ಹೋದರೆ 2147483645, 5ರಿಂದ ಭಾಗವಾಗುತ್ತದೆ. ಎರಡು ಮುಂದೆ ಹೋದರೆ 2147483649, 3ರಿಂದ ಭಾಗವಾಗುತ್ತದೆ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಅವಿಭಾಜ್ಯಗಳ ಸಾಲಿನಲ್ಲಿ ಇದರ ಸ್ಥಾನ 105097565. ತಿರುಗಿಸಿ ಬರೆದರೆ 7463847412, ಸಮ ಸಂಖ್ಯೆ, ಹಾಗಾಗಿ ಆ ಆಟವೂ ಇಲ್ಲ. ದ್ವಿಮಾನದಲ್ಲಿ 31 ಒಂದುಗಳು. ಒಂದುಗಳ ಎಣಿಕೆ ಬೆಸ, ಹಾಗಾಗಿ ಓಡಿಯಸ್. ಎಣಿಕೆ ಅವಿಭಾಜ್ಯ, ಹಾಗಾಗಿ ಪರ್ನಿಶಿಯಸ್.

ಶೇಷಸೊನ್ನೆ
ಇದರಲ್ಲಿ ಅರ್ಧ ಕಸ. ಕ್ಷಮಿಸಿ, ಆದರೆ ಕಸ. ಹ್ಯಾಪಿ, ತಿರುಗಿಸಿ ಬರೆಯುವುದು, ಅಂಕಿಗಳ ಮೊತ್ತ ಇವೆಲ್ಲ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಹುಟ್ಟಿದವು. ಹನ್ನೆರಡರಲ್ಲಿ ಬರೆದರೆ ಕತೆ ಬದಲು. ಒಂದು ಗುಂಪಿಗೆ ಸೇರುತ್ತದೆ ಅಂದ ಮೇಲೆ ಅದರಿಂದ ಇನ್ನೇನಾದರೂ ಹೊಸದು ಗೊತ್ತಾಗಬೇಕು. ಇಲ್ಲದಿದ್ದರೆ ಯಾಕೆ ಸೇರಿಸಬೇಕು?

ಉದಾಹರಣೆ ಕೊಡುತ್ತೇನೆ. ಇದನ್ನು 8ರಿಂದ ಭಾಗಿಸಿದರೆ ಶೇಷ 7. ನೋಡಲು ಏನೂ ಅಲ್ಲ. ಆದರೆ ಅಷ್ಟರಿಂದಲೇ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದಿಲ್ಲ, ಮೂರರ ಮೊತ್ತವಾಗಿಯೂ ಆಗುವುದಿಲ್ಲ, ನಾಲ್ಕು ಬೇಕೇ ಬೇಕು ಅಂತ ತಿಳಿಯುತ್ತದೆ. ಗೌಸ್‌ನ ಸಂಕೀರ್ಣ ಪೂರ್ಣಾಂಕಗಳಲ್ಲೂ (−1ರ ವರ್ಗಮೂಲವನ್ನೂ ಸೇರಿಸಿಕೊಂಡ ಪೂರ್ಣಾಂಕಗಳು) ಇದು ಒಡೆಯದೆ ಅವಿಭಾಜ್ಯವಾಗಿಯೇ ಉಳಿಯುತ್ತದೆ ಅಂತ ತಿಳಿಯುತ್ತದೆ. ಒಂದು ಶೇಷದಿಂದ ಇಷ್ಟು. ಪರ್ನಿಶಿಯಸ್ ಅನ್ನುವುದರಿಂದ ಏನು ತಿಳಿಯಿತು?

ಪೈಥಾನ್‌ಪ್ರಿಯೆ
ಪರ್ನಿಶಿಯಸ್ ದ್ವಿಮಾನದ್ದು, ಹತ್ತರದ್ದಲ್ಲ. ಮರ್ಸೆನ್ ಸಂಖ್ಯೆಗಳಿಗೆ ಅದು ಘಾತ ಅವಿಭಾಜ್ಯ ಅನ್ನುವುದರ ಇನ್ನೊಂದು ರೂಪ ಅಷ್ಟೆ. ಅದನ್ನೂ ಕಸ ಅಂದರೆ ಮರ್ಸೆನ್ ಕೂಡ ಕಸವೇ.

ಶೇಷಸೊನ್ನೆ
ಮರ್ಸೆನ್‌ಗೆ ಅದು ಅನ್ವಯಿಸಿದರೆ ಅರ್ಥ ಬರುವುದು ಮರ್ಸೆನ್‌ನಿಂದ. 3, 5, 6, 7, 9, 10 ಕೂಡ ಪರ್ನಿಶಿಯಸ್. ಅವುಗಳ ನಡುವೆ ಏನು ನಂಟು ಹೇಳಿ.

ಪೈಥಾನ್‌ಪ್ರಿಯೆ
ಎಲ್ಲಕ್ಕೂ ನಂಟು ಇರಲೇಬೇಕಾ? ಆಟ ಅಂತ ಆಡಬಾರದಾ? ಪರಿಪೂರ್ಣ ಸಂಖ್ಯೆಯೂ ಶುರುವಾಗಿದ್ದು ಆಟವಾಗಿಯೇ. ಬಾರ್ಲೋ ಕೂಡ ನಿಮ್ಮ ಹಾಗೇ ಮಾತಾಡಿದ್ದ.

ಸುಮ್ನೆಬಂದೆ
ಓ, ಇದು ಚೆನ್ನಾಗಿ ಬಿತ್ತು.

ಕುತೂಹಲಿ
ನಾಲ್ಕು ವರ್ಗ ಬೇಕೇ ಬೇಕು ಅಂದಿರಲ್ಲ, ಯಾವ ನಾಲ್ಕು?

ಲೆಕ್ಕದಮೇಷ್ಟ್ರು
ಒಂದು ಕೈಯಲ್ಲೇ ಹುಡುಕಬಹುದು. 46340ರ ವರ್ಗ ಕಳೆದರೆ 88047 ಉಳಿಯುತ್ತದೆ. ಅದನ್ನೂ 8ರಿಂದ ಭಾಗಿಸಿದರೆ ಶೇಷ 7, ಮೂರು ವರ್ಗಕ್ಕೆ ಒಡೆಯುವುದಿಲ್ಲ, ಬಿಡಿ. 46339ರ ವರ್ಗ ಕಳೆದರೆ 180726. ಅದರಲ್ಲಿ 425ರ ವರ್ಗ 180625 ತೆಗೆದರೆ 101. ಅದು 100 + 1. ಅಂದರೆ 46339, 425, 10, 1. ನಾಲ್ಕರ ವರ್ಗ ಕೂಡಿಸಿ ನೋಡಿ.

ಕುತೂಹಲಿ
ಕೂಡಿಸಿದೆ, ಸರಿಯಾಗಿ ಬಂತು. ಇಷ್ಟು ಸುಲಭವಾಗಿ ಸಿಗುತ್ತದೆ ಅಂದುಕೊಂಡಿರಲಿಲ್ಲ.

ಬಿಟ್‌ಬೈರ
ಮೇಷ್ಟ್ರ 248 ನೋಡಿ ನನಗೆ ಬೇರೇನೋ ನೆನಪಾಯಿತು. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಒಂದು ಜಾತಿಯ ಪ್ರಯಾಣಿಕ ವಿಮಾನದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದರ ಜನರೇಟರ್ ನಿಯಂತ್ರಣ ಘಟಕಗಳನ್ನು 248 ದಿನ ಆರಿಸದೆ ಬಿಟ್ಟರೆ ಒಳಗಿನ ಎಣಿಕೆ ಉಕ್ಕಿ ಅವು ಒಟ್ಟಿಗೆ ನಿಂತುಬಿಡಬಹುದು ಅಂತ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸಿದರೆ 2^31 ಆಗುವುದು 248.55 ದಿನಕ್ಕೆ. ಆಯ್ಲರ್‌ನಲ್ಲೂ 248, ಇಲ್ಲೂ 248!

ಶೇಷಸೊನ್ನೆ
ಕಾಕತಾಳೀಯ. ಆಯ್ಲರ್‌ನದು 8 × 31. ನಿಮ್ಮದು ದಿನಕ್ಕೆ 86400 ಸೆಕೆಂಡ್ ಇರುವುದರಿಂದ ಬಂದಿದ್ದು.

ಬಿಟ್‌ಬೈರ
ಗೊತ್ತು ಮಾರಾಯ್ರೇ, ಖುಷಿ ಪಡಲೂ ಬಿಡುವುದಿಲ್ಲವಲ್ಲ.

ತರಲೆತಮ್ಮ
2038ರ ಜನವರಿ 19, ಯುಟಿಸಿ 03:14:07. ಹೇಳಿದ್ದೇನೆ ಅಷ್ಟೆ.

ಬಿಟ್‌ಬೈರ
1970ರ ಆರಂಭದಿಂದ ಸೆಕೆಂಡ್ ಎಣಿಸುವ ಹಳೆಯ 32 ಬಿಟ್ ಗಡಿಯಾರಗಳು ನಮ್ಮ ಸಂಖ್ಯೆಗೆ ಮುಟ್ಟುವ ಗಳಿಗೆ. ಮುಂದಿನ ಸೆಕೆಂಡಿಗೆ ಅವುಗಳ ಪ್ರಕಾರ 1901ರ ಡಿಸೆಂಬರ್. 64 ಬಿಟ್‌ಗೆ ಬದಲಾದವಕ್ಕೆ ತೊಂದರೆ ಇಲ್ಲ. 2014ರಲ್ಲಿ ಯೂಟ್ಯೂಬ್ ಕೂಡ ವೀಕ್ಷಣೆ ಎಣಿಸುವ ಜಾಗವನ್ನು 64 ಬಿಟ್ ಮಾಡಿಕೊಂಡಿತ್ತು, ಒಂದು ವಿಡಿಯೋ ಈ ಮಿತಿಯನ್ನು ದಾಟಿತ್ತು ಅಂತ.

ಅರೆಪೂರ್ಣ
32 ಬಿಟ್ ವಿವರಿಸಬೇಡಿ ಅಂತ ಕೇಳಿದವರ ಗೋಳು ಯಾರೂ ಕೇಳುತ್ತಿಲ್ಲ.

ಸಂಖ್ಯೆಗೆ ಬರೋಣ. ಇದನ್ನು ಎರಡು ಪಟ್ಟು ಮಾಡಿ 1 ಸೇರಿಸಿ, 4294967295. ಅದು ಅವಿಭಾಜ್ಯವಾಗಿದ್ದರೆ ನಮ್ಮದು ಸೋಫಿ ಜರ್ಮೈನ್ ಅವಿಭಾಜ್ಯ ಆಗುತ್ತಿತ್ತು. ಅದಲ್ಲ, 3 × 5 × 17 × 257 × 65537. ಆದರೆ ಈ ಐದನ್ನೂ ನೋಡಿ, ಗೊತ್ತಿರುವ ಎಲ್ಲಾ ಫರ್ಮಾ ಅವಿಭಾಜ್ಯಗಳು (2ರ ಘಾತಕ್ಕೆ 1 ಸೇರಿಸಿದರೆ ಬರುವಂಥವು)! ಅಳತೆಪಟ್ಟಿ ಮತ್ತು ಕೈವಾರದಿಂದ ರಚಿಸಬಹುದಾದ ಬೆಸ ಬಾಹುಗಳ ಬಹುಭುಜಗಳಲ್ಲಿ ಗೊತ್ತಿರುವ ಅತಿ ದೊಡ್ಡದಕ್ಕೆ ಸರಿಯಾಗಿ ಇಷ್ಟೇ ಬಾಹು. ಒಂದು ಗುಂಪಿನಿಂದ ಹೊರಗೆ ಬಿದ್ದಿದ್ದಕ್ಕೂ ಇಷ್ಟು ಚೆಂದದ ಕಾರಣ ಇರಬಹುದು.

ಲೆಕ್ಕದಮೇಷ್ಟ್ರು
ಇದು ಚೆನ್ನಾಗಿದೆ. ಪಕ್ಕದ ಮನೆಗಳನ್ನೂ ನೋಡಿ. 2147483649ನ್ನು 3ರಿಂದ ಭಾಗಿಸಿದರೆ 715827883. ಅದು ಅವಿಭಾಜ್ಯ, ವ್ಯಾಗ್‌ಸ್ಟಾಫ್ ಜಾತಿಯದು, ಅಂದರೆ 2ರ ಬೆಸ ಘಾತಕ್ಕೆ 1 ಸೇರಿಸಿ 3ರಿಂದ ಭಾಗಿಸಿದರೆ ಬರುವ ಅವಿಭಾಜ್ಯ. ಇನ್ನೊಂದು ಪಕ್ಕದಲ್ಲಿ 2147483646 = 2 × 3 × 3 × 7 × 11 × 31 × 151 × 331, ಎಲ್ಲಾ ಚಿಕ್ಕ ಚಿಕ್ಕ ತುಂಡು.

ಪೈಥಾನ್‌ಪ್ರಿಯೆ
ಆ ಕೊನೆಯದು ತುಂಬಾ ಉಪಯೋಗಕ್ಕೆ ಬರುತ್ತದೆ. ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಒಂದು ಹಳೆಯ ವಿಧಾನ ಇದೆ: ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ 2147483647ರಿಂದ ಭಾಗಿಸಿ ಶೇಷ ತಗೊಳ್ಳುವುದು. 1ರಿಂದ ಶುರು ಮಾಡಿದರೆ 16807, 282475249, 1622650073 ಹೀಗೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಕನಿಷ್ಠ ಮಟ್ಟದ ಮಾದರಿ ಅಂತ ಸೂಚಿಸಿದರು. ಸರಿಯಾಗಿ ಬರೆದಿದ್ದೀರಾ ಅಂತ ನೋಡಲು 10000 ಹೆಜ್ಜೆಯ ನಂತರ 1043618065 ಬರಬೇಕು.

16807 ಯಾಕೆ? ಅದು 7ರ ಐದನೇ ಘಾತ. 7ರ ಘಾತಗಳ ಶೇಷಗಳು 1ರಿಂದ 2147483646ರ ತನಕ ಒಂದನ್ನೂ ಬಿಡದೆ ಎಲ್ಲವನ್ನೂ ಮುಟ್ಟಿಯೇ ತಿರುಗಿ ಬರುತ್ತವೆ. ಮೇಷ್ಟ್ರು ಕೊಟ್ಟ ತುಂಡುಗಳಲ್ಲಿ 5 ಇಲ್ಲ, ಹಾಗಾಗಿ ಐದನೇ ಘಾತಕ್ಕೂ ಅದೇ ಗುಣ. ಇಲ್ಲಿ ಅವಿಭಾಜ್ಯ ಆಗಿರುವುದು ನಿಜವಾಗಲೂ ಬೇಕು. ಕುತೂಹಲಿಯ ಸಹೋದ್ಯೋಗಿಗೆ ಹೇಳಿ, ಅವರ ಮಾತು ಇಲ್ಲಿ ಸಲ್ಲುತ್ತದೆ.

ಶೇಷಸೊನ್ನೆ
ಹೊಸ ಪ್ರೋಗ್ರಾಂಗೆ ಅದನ್ನು ಬಳಸಬೇಡಿ ಅಂತಲೂ ಹೇಳಿ. 214 ಕೋಟಿ ಹೆಜ್ಜೆಗೆ ಸುತ್ತು ಮುಗಿದುಹೋಗುತ್ತದೆ, ಈಗಿನ ಯಂತ್ರಕ್ಕೆ ಅದು ಕೆಲವೇ ಸೆಕೆಂಡ್.

ತರಲೆತಮ್ಮ
ಡಬಲ್ ಮರ್ಸೆನ್ ಬಗ್ಗೆ ಯಾರೂ ಹೇಳಲಿಲ್ಲ. ಇದು ಕ್ಯಾಟಲಾನ್ ಸರಣಿಯಲ್ಲಿ ಬರುತ್ತದೆ ಅಲ್ವಾ? 2, 3, 7, 127, ಆಮೇಲೆ ಇದು?

ಅರೆಪೂರ್ಣ
ಇಲ್ಲ, ಎರಡೂ ಬೇರೆ. ಕ್ಯಾಟಲಾನ್ ಸರಣಿಯಲ್ಲಿ 127 ಆದ ಮೇಲೆ ಬರುವುದು 2^127 − 1. ಅದು 39 ಅಂಕಿಯದು, 1876ರಲ್ಲಿ ಲ್ಯೂಕಾ ಅವಿಭಾಜ್ಯ ಅಂತ ತೋರಿಸಿದ. ನಮ್ಮದು ಬರುವುದು ಬೇರೆ ಸಾಲಿನಲ್ಲಿ: 5ರಿಂದ 31, 31ರಿಂದ 2147483647. ಘಾತವೇ ಒಂದು ಮರ್ಸೆನ್ ಅವಿಭಾಜ್ಯ ಆಗಿದ್ದರೆ ಡಬಲ್ ಮರ್ಸೆನ್. ಅವಿಭಾಜ್ಯ ಅಂತ ಗೊತ್ತಿರುವ ಡಬಲ್ ಮರ್ಸೆನ್ ನಾಲ್ಕೇ: 7, 127, 2147483647, 2^127 − 1.

ತರಲೆತಮ್ಮ
ಹಾಗಾದರೆ ಮುಂದಿನದು? 2ರ 2147483647ನೇ ಘಾತ ತಗೊಂಡು 1 ಕಳೆದರೆ?

ಅರೆಪೂರ್ಣ
ಅಲ್ಲಿ ಸಾಲು ಕಡಿದುಹೋಗುತ್ತದೆ. ಅದನ್ನು 295257526626031 ಭಾಗಿಸುತ್ತದೆ.

ಕುತೂಹಲಿ
ಆ ಸಂಖ್ಯೆಯಲ್ಲಿ 64 ಕೋಟಿಗೂ ಜಾಸ್ತಿ ಅಂಕಿ ಇರಬೇಕಲ್ಲ. ಅದನ್ನು ಭಾಗಿಸುತ್ತದೆ ಅಂತ ಹೇಗೆ ನೋಡಿದರು?

ಶೇಷಸೊನ್ನೆ
64 ಕೋಟಿ 64 ಲಕ್ಷ ಚಿಲ್ಲರೆ ಅಂಕಿ. ಬರೆಯುವ ಅಗತ್ಯವೇ ಇಲ್ಲ. 2ರಿಂದ ಶುರು ಮಾಡಿ 31 ಸಲ ವರ್ಗ ಮಾಡಿ, ಪ್ರತಿ ಸಲ 295257526626031ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಕೊನೆಗೆ 2 ಬಂದರೆ ಕೆಲಸ ಆಯಿತು. 64 ಬಿಟ್‌ನಲ್ಲಿ ಮಾಡಬೇಡಿ, ವರ್ಗ ಮಾಡುವಾಗ 29 ಅಂಕಿ ತನಕ ಹೋಗುತ್ತದೆ.

ಮೇಷ್ಟ್ರ ಷರತ್ತು ಇಲ್ಲೂ ನಿಲ್ಲುತ್ತದೆ, ನೋಡಿ: ಭಾಜಕ ಅಂದರೆ ಘಾತದ ಎರಡರಷ್ಟರ ಯಾವುದೋ ಪಟ್ಟು, ಮೇಲೆ 1. ಇಲ್ಲಿ ಆ ಪಟ್ಟು 68745. 2 × 68745 × 2147483647 + 1, ಗುಣಿಸಿ ನೋಡಿ. ಹುಡುಕಿದ್ದೂ ಅದೇ ರೂಪದ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿದು.

ಪೈಥಾನ್‌ಪ್ರಿಯೆ
ಮಾಡಿ ನೋಡಿದೆ, 2 ಬಂತು. ಕಣ್ಣು ಮಿಟುಕಿಸುವುದರೊಳಗೆ.

ತರಲೆತಮ್ಮ
ಘಾತದ ಜಾಗದಲ್ಲಿ 2^61 − 1 ಇಟ್ಟರೆ? ಅದೂ ಮರ್ಸೆನ್ ಅವಿಭಾಜ್ಯ ತಾನೇ?

ಅರೆಪೂರ್ಣ
ಹೌದು, ಮರ್ಸೆನ್ ಬಿಟ್ಟ ಆ 61. ಅದರ ಡಬಲ್‌ಗೆ ಒಂದು ಭಾಜಕವೂ ಸಿಕ್ಕಿಲ್ಲ, ಅವಿಭಾಜ್ಯ ಅಂತಲೂ ಯಾರೂ ತೋರಿಸಿಲ್ಲ.

ತರಲೆತಮ್ಮ
ಶೇಷಸೊನ್ನೆಯವರ 4, 14, 194 ಹಾಕಿ ನೋಡಬಹುದಲ್ಲ.

ಶೇಷಸೊನ್ನೆ
ಹಾಕಿ. ಆ ಸಂಖ್ಯೆಯಲ್ಲಿ ಎಷ್ಟು ಅಂಕಿ ಇವೆ ಅಂತ ಬರೆಯಲೇ 18 ಅಂಕಿ ಬೇಕು. ಹೆಜ್ಜೆಗಳು 23 ಸಾವಿರ ಕೋಟಿ ಕೋಟಿಗಿಂತ ಜಾಸ್ತಿ. ಭಾಜಕ ಹುಡುಕುವುದೊಂದೇ ದಾರಿ.

ತರಲೆತಮ್ಮ
ಸರಿ, ಇವತ್ತು ರಾತ್ರಿ ಪಟ್ಟು 1ರಿಂದ ಶುರು ಮಾಡುತ್ತೇನೆ.

ಪೈಥಾನ್‌ಪ್ರಿಯೆ
ಚಿಕ್ಕ ಪಟ್ಟುಗಳನ್ನೆಲ್ಲ ಬೇರೆಯವರು ಎಂದೋ ನೋಡಿ ಮುಗಿಸಿದ್ದಾರೆ. ಎಲ್ಲಿಯ ತನಕ ಆಗಿದೆ ಅಂತ ನೋಡಿಕೊಂಡು ಅದರ ಮುಂದಿನಿಂದ ಶುರು ಮಾಡಿ.